ಹೊಸ ವಿಮಾನದ ಪೂಜೆ, ಗುಡಿಸದ ರನ್‌ವೇ

ಮೂರು ವರ್ಷದ ಹಿಂದೆ ನಾನು ಚಳ್ಳಕೆರೆಯ ಎಣ್ಣೆ ಗಿರಣಿ ಸಾಹುಕಾರರೊಬ್ಬರ ಸ್ವಂತ ವಿಮಾನ ಪಟ್ಟಿಯಲ್ಲಿ ಕೆಲಸಕ್ಕಿದ್ದೆ. ಪಟ್ಟಿ ಇದ್ದದ್ದು ಬಿ.ಜಿ. ಕೆರೆ ಕಡೆ, ಅವರ ಶೇಂಗಾ ಹೊಲಗಳ ನಡುವೆ. ನನ್ನ ಕೆಲಸ ರನ್‌ವೇ ಗುಡಿಸುವುದು. ವಿಮಾನ ಓಡಿ ಮೇಲೇಳುವ ದಾರಿಯಲ್ಲಿ ಕಲ್ಲು, ಮುಳ್ಳು, ಕುರಿ, ನಾಯಿ ಯಾವುದೂ ಇರಬಾರದು. ಗುಡಿಸಿದ ಮೇಲೆ ಕಸಬರಿಗೆಯನ್ನು ತಲೆಯ ಮೇಲೆತ್ತಿ ತೋರಿಸಬೇಕು. ಅದನ್ನು ಕಂಡ ಮೇಲೆಯೇ ಪೈಲಟ್ ಹೊರಡುತ್ತಿದ್ದರು. ನಾನು ಓದಿದ್ದು ಎರಡನೇ ಕ್ಲಾಸು. ಈ ಕೆಲಸಕ್ಕೆ ಅದೂ ಬೇಕಿರಲಿಲ್ಲ.

ಸಾಹುಕಾರರು ಎರಡು ಸೀಟಿನ ಹೊಸ ವಿಮಾನ ತಂದರು. ಮೊದಲ ಹಾರಾಟದ ದಿನ ರನ್‌ವೇ ಮೇಲೆಯೇ ಪೂಜೆ. ಹೊಸ ಲಾರಿಗೆ ಮಾಡುವ ಹಾಗೆಯೇ ಮೂಗಿಗೆ ಹೂವಿನ ಹಾರ, ಗಾಲಿಗೊಂದು ನಿಂಬೆಹಣ್ಣು. ಸಾಹುಕಾರರ ಅಣ್ಣತಮ್ಮಂದಿರೆಲ್ಲ ಪೈಪೋಟಿಯಲ್ಲಿ ಈಡುಗಾಯಿ ಹೊಡೆದರು. ತೆಂಗಿನ ಚಿಪ್ಪುಗಳು ಚೂರುಚೂರಾಗಿ ರನ್‌ವೇ ತುಂಬ ಸಿಡಿದವು.

ನಾನು ಗುಡಿಸಲು ಬಗ್ಗಿದೆ. ಸಾಹುಕಾರರ ತಾಯಿ ಕೈ ಅಡ್ಡ ಹಿಡಿದರು.

“ಹೊರಟು ನಿಂತೋರ ಮುಂದೆ ಕಸ ಗುಡಿಸ್ತಾರೇನೇ? ನಿನ್ ಮನೇಲೂ ಹಂಗೇ ಮಾಡ್ತೀಯಾ?”

ಮಾಡುವುದಿಲ್ಲ. ಯಾರಾದರೂ ಊರಿಗೆ ಹೊರಟರೆ ನಮ್ಮ ಮನೆಯಲ್ಲೂ ಕಸಬರಿಗೆ ಮುಟ್ಟುವುದಿಲ್ಲ. ಪಕ್ಕಕ್ಕೆ ಸರಿದೆ. ಒಳಗೆ ಒಬ್ಬರೇ ಕುಳಿತಿದ್ದ ಪೈಲಟ್, ಅನಂತಪುರದ ಕಡೆಯ ತೆಲುಗು ಮನುಷ್ಯ, ನನ್ನ ಕೈ ನೋಡಿದರು. ಕೈಯಲ್ಲಿದ್ದ ಕಸಬರಿಗೆ ನಾನು ಮೇಲೆತ್ತಿರಲಿಲ್ಲ.

“ರಾಹುಕಾಲ ಬರ್ತೈತೆ, ಹೊರಡ್ರೀ!” ಎಂದು ಸಾಹುಕಾರರು ಕೈ ಬೀಸಿದರು.

ಹೊರಟರು. ಏನು ಓಟ ಅದು! ಮೂಗು ಇನ್ನೇನು ಏಳಬೇಕು, ಟಪ್ ಎಂದಿತು. ಚಿಪ್ಪು ಕೊಯ್ದಿದ್ದ ಬಲಗಾಲಿಯ ಟೈರು ಒಡೆಯಿತು. ವಿಮಾನ ಬಲಕ್ಕೆ ಎಳೆದು, ಶೇಂಗಾ ಹೊಲಕ್ಕೆ ನುಗ್ಗಿ, ಮೂಗು ಮಣ್ಣಿಗೆ ಹೂತು, ಪಲ್ಟಿ ಹೊಡೆಯಿತು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಕಸಬರಿಗೆ ಹಿಡಿದೇ ಓಡಿದೆ. ಪೈಲಟ್ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದರು. ಮೇಲಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು.

“ಅವ್ವಾ, ಪೆಟ್ರೋಲು! ತ್ವರಗಾ ರಾ, ಬೇಗ ಬಾ!”

ತಿರುಗಿ ನೋಡಿದರೆ ಪೂಜಾರಪ್ಪ, “ತಾಯೀ ಮಾರಮ್ಮಾ!” ಎನ್ನುತ್ತ, ಕರ್ಪೂರ ಉರಿಯುವ ಆರತಿ ತಟ್ಟೆ ಹಿಡಿದೇ ಓಡಿ ಬರುತ್ತಿದ್ದಾನೆ! ಗಾಬರಿಯಲ್ಲಿ ಕೈಯಲ್ಲಿರುವುದು ಅವನಿಗೇ ನೆನಪಿಲ್ಲ. ಎದುರು ಓಡಿ ಕಸಬರಿಗೆಯಲ್ಲಿ ತಟ್ಟೆಗೆ ಬಾರಿಸಿದೆ. ಅದು ದೂರ ಹಾರಿ ಬಿತ್ತು. ಬೆಂಕಿಯ ಮೇಲೆ ಕಾಲಲ್ಲಿ ಮಣ್ಣು ಎಳೆದೆ.

“ದೇವ್ರ ತಟ್ಟೆಗೆ ಕಸಬರಿಗೇಲಿ ಹೊಡೀತೀಯಾ?”

“ದೇವ್ರು ಆಮೇಲೆ ಬೈಲಿ. ಆ ಕಡೆ ಹೋಗು!”

ಬಾಗಿಲು ಸಿಕ್ಕಿಹಾಕಿಕೊಂಡಿತ್ತು. ಓಡಿ ಬಂದವರೆಲ್ಲ ಸೇರಿ ಜಗ್ಗಿದೆವು.

“ನಿಧಾನ! ಹೊಸಾ ಬಾಗ್ಲು, ಕಿತ್ತು ಹೋಗ್ತೈತೆ!” ಎಂದರು ಸಾಹುಕಾರರು.

“ಬಾಗ್ಲು ಬೇರೆ ಹಾಕಿಸ್ರಿ. ಈಗ ಕೈ ಹಾಕ್ರಿ!”

ಬಾಗಿಲು ಕಿತ್ತೇ ಬಂತು. ಮೈಭಾರವೆಲ್ಲ ಬೆಲ್ಟಿನ ಮೇಲೆ ಬಿದ್ದು ಕೊಂಡಿ ಬಿಚ್ಚಲೊಲ್ಲದು. ಹಾಗೇ ಕೊಯ್ದರೆ ತಲೆ ಅಡಿಯಾಗಿ ಬೀಳುತ್ತಾರೆ. “ಬಗ್ಗ್ರಿ, ಬೆನ್ನು ಕೊಡ್ರಿ!” ಎಂದೆ. ಸಾಹುಕಾರರು ರೇಷ್ಮೆ ಪಂಚೆಯಲ್ಲೇ ಒಳಗೆ ತೂರಿ ಪೈಲಟ್ಟರ ಕೆಳಗೆ ಅಂಬೆಗಾಲಲ್ಲಿ ನಿಂತರು. ಮುಳ್ಳು ಸವರಲು ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ ಕುಡುಗೋಲಿನಿಂದ ಬೆಲ್ಟು ಕೊಯ್ದೆ. ಪೈಲಟ್ ದೊಪ್ಪನೆ ಸಾಹುಕಾರರ ಬೆನ್ನ ಮೇಲೆ ಬಿದ್ದರು. ಇಬ್ಬರನ್ನೂ ಕಾಲು ಹಿಡಿದು ಎಳೆದು ಹೊಲದಾಚೆ ತಂದೆವು.

ಬೆಂಕಿ ಹತ್ತಲಿಲ್ಲ. ಪೈಲಟ್ಟರಿಗೆ ಭುಜದ ಮೂಳೆ ಮುರಿದಿತ್ತು, ಅಷ್ಟೇ. ಸಾಹುಕಾರರು ಬಹಳ ದಿನ ಬೆನ್ನು ಹಿಡಿದುಕೊಂಡೇ ನಡೆದರು.

ಮನೆಯ ಶಾಸ್ತ್ರ ಮನೆ ಹೊಸಿಲಿಗೆ ಮುಗಿಯಬೇಕು. ರನ್‌ವೇಯಲ್ಲಿ ಹೊರಟವರ ಮುಂದೆಯೇ ಗುಡಿಸಬೇಕು, ಯಾರು ಕೈ ಅಡ್ಡ ಹಿಡಿದರೂ ಗುಡಿಸಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟು.

ರಿಪೇರಿಯಾಗಿ ಬಂದ ವಿಮಾನಕ್ಕೆ ಮತ್ತೆ ಪೂಜೆಯಾಯಿತು. ಪೈಲಟ್ ಒಳಗೆ ಕುಳಿತು ನನ್ನನ್ನೇ ನೋಡುತ್ತಿದ್ದರು. ನಾನು ಗುಡಿಸುತ್ತಾ ಬಂದೆ. ಸಾಹುಕಾರರ ತಾಯಿ ಹಿಂದೆಯೇ ಬಂದರು. ಬೈಯುತ್ತಾರೆಂದುಕೊಂಡೆ, ಬೈದರು ಕೂಡ.

“ಅಲ್ಲಿ ಒಂದು ಚಿಪ್ಪು ಬಿಟ್ಟಿದ್ದೀಯಲ್ಲೇ, ಕಣ್ಣು ಕಾಣಲ್ವೇನು?”

ಅದನ್ನೂ ಗುಡಿಸಿ, ಕಸಬರಿಗೆ ಮೇಲೆತ್ತಿದೆ.