ಕುದುರೆ ಸವಾರನ ಕೊನೆಯ ಎಂಟು ಪುಟ

ಚಳ್ಳಕೆರೆಯಲ್ಲಿ ಓಂಕಾರಮೂರ್ತಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಚಿತ್ರದ ಪುಸ್ತಕದ ಓಂಕಾರಪ್ಪ ಎಂದರೆ ಆಟೋದವನೇ ಬಾಗಿಲ ತನಕ ಬಿಟ್ಟು ಬರುತ್ತಾನೆ. ಶೇಂಗಾ ಎಣ್ಣೆಯ ವ್ಯಾಪಾರದಲ್ಲಿ ಅಣ್ಣತಮ್ಮಂದಿರು ಬೀರುವಿನಲ್ಲಿ ಬಂಗಾರ ತುಂಬಿಸಿದರೆ, ಈ ಮಹಾರಾಯ ತುಂಬಿಸಿದ್ದು ಅಮೆರಿಕದ ಹಳೇ ಕಾಮಿಕ್ಸ್ ಪುಸ್ತಕಗಳನ್ನು. ದೊಡ್ಡ ಟೋಪಿಯ ಕುದುರೆ ಸವಾರರು, ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರುವ ಶೂರರು, ಎಲ್ಲರೂ ಪ್ಲಾಸ್ಟಿಕ್ ಕವರಿನೊಳಗೆ ಡಾಂಬರು ಗುಳಿಗೆಯ ವಾಸನೆ ಕುಡಿಯುತ್ತ ಮಲಗಿದ್ದರು. ಈಗ ಅವನಿಗೆ ಅರವತ್ತಾರು. ಮಂಡಿ ನೋವು, ಹಳೇ ಕಾಗದದ ಧೂಳಿಗೆ ಕೆಮ್ಮು. ಹುಚ್ಚು ಮಾತ್ರ ಬಿಟ್ಟಿರಲಿಲ್ಲ.

ಹುಚ್ಚು ಹತ್ತಿದ್ದು ಒಂದೇ ಒಂದು ಪುಸ್ತಕದಿಂದ. ಅವನ ಅಪ್ಪ ಮರುಳಪ್ಪನವರ ಅಂಗಡಿಗೆ ಪೊಟ್ಟಣ ಕಟ್ಟಲು ಮದರಾಸಿನಿಂದ ರದ್ದಿ ಬರುತ್ತಿತ್ತು. ಮದುವೆಗೆ ಎರಡು ವರ್ಷ ಮುಂಚೆ ಅಂಥದೊಂದು ಮೂಟೆಯಲ್ಲಿ ಅದು ಸಿಕ್ಕಿತು. ಹೊದಿಕೆ ಇಲ್ಲ, ಹೆಸರಿಲ್ಲ. ಒಬ್ಬ ಸವಾರ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ದನಗಳ್ಳರ ಬೆನ್ನು ಹತ್ತಿ ಹೋಗುತ್ತಾನೆ. ಆ ಬಯಲು ಓಂಕಾರಮೂರ್ತಿಗೆ ಊರಾಚೆಯ ವರವು ಕಾವಲಿನ ಹುಲ್ಲುಗಾವಲಿನ ಹಾಗೇ ಕಂಡಿತ್ತು. ಅದೇ ಒಣಹುಲ್ಲು, ಅದೇ ಕಲ್ಲು, ಕಳ್ಳರು ಮಾತ್ರ ಇಂಗ್ಲಿಷ್ ಮಾತಾಡುವವರು. ಸವಾರ ಕೆಂಪು ಬಂಡೆಗಳ ಸಂದಿಗೆ ಕುದುರೆ ನುಗ್ಗಿಸುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯಿತು. ಪಿನ್ನು ಕಿತ್ತು ಕೊನೆಯ ಎಂಟು ಪುಟ ಹೋಗಿದ್ದವು.

ಅವನು ತಿರುಗಿ ಬಂದನೋ ಇಲ್ಲವೋ? ಇಷ್ಟು ತಿಳಿಯಲು ಓಂಕಾರಮೂರ್ತಿ ಬಳ್ಳಾರಿ, ರಾಯದುರ್ಗ, ಬೆಂಗಳೂರಿನ ರದ್ದಿ ಅಂಗಡಿಗಳ ಹೊಸ್ತಿಲು ಸವೆಸಿದ. ಹೋದಲ್ಲೆಲ್ಲ ಬೇರೆ ಪುಸ್ತಕಗಳು ಸಿಕ್ಕವು, ಬೀರು ತುಂಬಿತು, ಆ ಎಂಟು ಪುಟ ಸಿಗಲಿಲ್ಲ. ತಮ್ಮನ ಮೊಮ್ಮಗಳು ಐಶ್ವರ್ಯ ಮೊಬೈಲಿನಲ್ಲಿ ಹುಡುಕಿ ಸೋತಳು. ಹೆಸರೇ ಇಲ್ಲದ್ದನ್ನು ಏನೆಂದು ಹುಡುಕುವುದು?

ಹೀಗಿರುವಾಗ ಮೊಳಕಾಲ್ಮುರಿನ ಸೀರೆ ವ್ಯಾಪಾರಿ ರಾಮಾಂಜನೇಯ ಫೋನು ಮಾಡಿದ. ಅವನ ತಾಯಿಯ ಟ್ರಂಕಿನ ಸೀರೆಗಳಲ್ಲಿ ಬಣ್ಣದ ಚಿತ್ರದ ಕಾಗದಗಳಿವೆಯಂತೆ. ರೇಷ್ಮೆ ಸೀರೆಯ ಜರಿ ಒಂದಕ್ಕೊಂದು ಉಜ್ಜದಿರಲಿ ಎಂದು ಮಡಿಕೆಗಳ ನಡುವೆ ಕಾಗದ ಇಡುವುದು ಅವರ ಪದ್ಧತಿ. ಮರುಳಪ್ಪನವರ ಅಂಗಡಿಯ ಮಿಕ್ಕ ರದ್ದಿ ಆ ಕಾಲದಲ್ಲಿ ಅವರ ಮನೆಗೇ ಹೋಗುತ್ತಿತ್ತಂತೆ. ಇದು ಕಡೇ ಸಲ, ಇನ್ನು ನನ್ನ ಕೈಲಾಗದು ಎಂದುಕೊಂಡು ಓಂಕಾರಮೂರ್ತಿ ಬಸ್ಸು ಹತ್ತಿದ.

ಟ್ರಂಕಿನಲ್ಲಿದ್ದದ್ದು ಹಾರುವ ಶೂರನ ಪುಸ್ತಕದ ಹಾಳೆಗಳು. ಅದರ ಎರಡು ಪ್ರತಿ ಆಗಲೇ ಬೀರುವಿನಲ್ಲಿದ್ದವು. ಓಂಕಾರಮೂರ್ತಿ ಗೋಡೆಗೆ ಒರಗಿ ಕುಳಿತುಬಿಟ್ಟ. ಕುದುರೆಯ ಚಿತ್ರವೇನಾದರೂ ಇತ್ತೇ ಎಂದು ಸುಮ್ಮನೆ ಕೇಳಿದ. ರಾಮಾಂಜನೇಯನ ತಾಯಿ ದೊಡ್ಡಕ್ಕನಿಗೆ ಎಂಬತ್ತೈದು ದಾಟಿದೆ. ನೆನಪು ಮಾತ್ರ ಹೊಸ ಕತ್ತರಿಯಷ್ಟು ಚುರುಕು.

"ಕುದುರೆ ಕಾಗ್ದ ನಿಮ್ಮನೇಗೇ ಬಂತಲ್ಲಪ್ಪಾ," ಎಂದಳು. "ನಿನ್ನ ಮದ್ವೆ ಧಾರೆ ಸೀರೆ ಒಯ್ಯಾಕೆ ಬಂದಾಗ ನಿಮ್ಮಪ್ಪಾರೇ ಆರಿಸಿ ಇಡಿಸಿದ್ರು. ವರ್ಷಕ್ಕೊಂದು ಸಲ ಸೀರೆ ಬಿಚ್ಚಿ ಮಡಿಕೆ ಬದಲಾಯಿಸ್ಬೇಕು, ಇಬ್ರು ಬೇಕು ಅಂತ ನಾನಂದೆ. ಇನ್ನೊಂದು ತುದಿ ನನ್ನ ಮಗನೇ ಹಿಡೀತಾನೆ, ಆಗ ಚಿತ್ರ ನೋಡ್ಕಂತಾನೆ ಬಿಡಮ್ಮ ಅಂದ್ರು. ಯಾಕೆ, ನೀನು ಹಿಡೀಲಿಲ್ವಾ?"

ತಿರುಗಿ ಬರುವ ಬಸ್ಸಿನಲ್ಲಿ ತಳಕಿನ ಊರು ದಾಟುವ ತನಕ ಓಂಕಾರಮೂರ್ತಿಗೆ ಒಂದೇ ಯೋಚನೆ. ಮದುವೆಯಾಗಿ ನಲವತ್ತೆರಡು ಶ್ರಾವಣ ಕಳೆದಿವೆ. ಪ್ರತಿ ಶ್ರಾವಣದಲ್ಲೂ ಹೆಂಡತಿ ಬಸವಲಿಂಗಮ್ಮ ಸೀರೆ ಹರಡಿ ಕರೆಯುತ್ತಿದ್ದಳು. ಪ್ರತಿ ಸಲವೂ ಅವನು ಪಕ್ಕದ ಮನೆಯ ಸೂರಮ್ಮನನ್ನು ಕರೆದುಕೋ ಎಂದು ಹೇಳಿ ತನ್ನ ಕೋಣೆ ಸೇರುತ್ತಿದ್ದ. ಅಪ್ಪ ಇಷ್ಟು ಪ್ರೀತಿಯಿಂದ ಇಟ್ಟದ್ದನ್ನು ಮನೆಯಲ್ಲೇ ಬಿಟ್ಟು ಊರೂರು ಹುಡುಕಿದ ತನ್ನ ಮೇಲೆ ಅವನಿಗೇ ಅಸಹ್ಯವಾಯಿತು.

ಮನೆಗೆ ಬಂದವನೇ ಕಾಲು ಕೂಡ ತೊಳೆಯದೆ, ಧಾರೆ ಸೀರೆ ತೆಗೆ ಎಂದ. ಅವರೆಕಾಯಿ ಸುಲಿಯುತ್ತಿದ್ದ ಬಸವಲಿಂಗಮ್ಮ ಅವನ ಮುಖ ನೋಡಿ, ಎದ್ದು ಸೀರೆ ತಂದಳು. ಮಡಿಕೆಯೊಳಗೆ ಹೋದ ವರ್ಷದ ದಿನಪತ್ರಿಕೆ ಇತ್ತು. ಮೊದಲು ಇದ್ದ ಕಾಗದ ಎಲ್ಲಿ ಎಂದು ಅವನು ಕೇಳಿದ.

"ಮೊದಲ್ನೇ ಶ್ರಾವಣದಾಗೇ ನಿಮ್ಮನ್ನ ಕರೆದೆ," ಎಂದಳು. "ಕುದುರೆ ಚಿತ್ರ ಐತೆ, ಬರ್ರಿ ಅಂತ. ಬಳ್ಳಾರಿಗೆ ರದ್ದಿ ಹುಡುಕಾಕೆ ಹೊಂಟಿದ್ರಿ. ಬಂದು ನೋಡ್ತೀನಿ ಅಂದ್ರಿ, ನೋಡ್ಲಿಲ್ಲ. ಆಮೇಲೆ ಹುಳ ಹತ್ತಿತು. ನೀರೊಲೆಗೆ ಹಾಕ್ದೆ."

ಅವನು ಮಂಚದ ಅಂಚಿಗೆ ಕುಳಿತ. ಆ ಎಂಟು ಪುಟದ ಬೆಂಕಿಗೆ ಕಾದದ್ದು ಅವನೇ ಸ್ನಾನ ಮಾಡಿದ ನೀರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಇರುವ ಸುಸ್ತಿಗೆ ಎರಡೂ ಆಗಲಿಲ್ಲ. ಆಮೇಲೆ ಮೆಲ್ಲಗೆ, ನೀನಾದರೂ ನೋಡಿದ್ದೆಯಾ, ಆ ಸವಾರ ಏನಾದ ಎಂದು ಕೇಳಿದ.

"ತುದಿ ಹಿಡೀರಿ, ಹೇಳ್ತೀನಿ."

ಮಂಡಿ ಊರಿ ಎದ್ದು ಹಿಡಿದ. ಸೀರೆ ಅವನು ತಿಳಿದದ್ದಕ್ಕಿಂತ ಭಾರವಾಗಿತ್ತು.

"ಬಂದ," ಎಂದಳು ಬಸವಲಿಂಗಮ್ಮ, ಹಳೇ ಮಡಿಕೆಯ ಗೆರೆಯನ್ನು ಅಂಗೈಯಿಂದ ತೀಡುತ್ತ. "ಕಳ್ಳರನ್ನೆಲ್ಲ ಹಿಡಿದು ಮನೀಗೇ ಬಂದ. ಹೆಂಡ್ತಿ ಬಾಗ್ಲಾಗೆ ನಿಂತಿದ್ಲು. ಇವ್ನು ಟೋಪಿ ಕೈಯಾಗೆ ಹಿಡ್ಕಂಡು ಹೊರಗೆ ನಿಂತಿದ್ದ. ಅಷ್ಟೇ."

"ಒಳಗೆ ಕರ್ಕಂಡ್ಲಾ?"

"ಅದು ಚಿತ್ರದಾಗೆ ಇರ್ಲಿಲ್ಲ," ಎಂದಳು. "ಬಿಗಿ ಹಿಡೀರಿ, ಜರಿ ನೆಲಕ್ಕೆ ತಾಗ್ತೈತೆ."