ಕಾಕಾನ ಹಳದಿ ದೀಪ, ಕಾಕೂನ ಮಾತು

ನನ್ನ ಕಾರಿನಲ್ಲಿ ಸ್ಟಿಯರಿಂಗಿನ ಪಕ್ಕ ಒಂದು ಗುಂಡಿಯಿದೆ. ಅದರ ಮೇಲೆ ದೀಪದ ಚಿತ್ರ, ದೀಪದ ಮುಂದೆ ಓರೆ ಗೆರೆಗಳು, ಗೆರೆಗಳ ಮೇಲೆ ಹಾವು ಹರಿದಂಥ ಒಂದು ಡೊಂಕು. ಕಾರು ಕೊಂಡ ಹೊಸದರಲ್ಲಿ ಅದು ಎಂಜಿನ್ನಿನ ಯಾವುದೋ ಗುಪ್ತರೋಗದ ಸೂಚನೆ ಇರಬೇಕೆಂದು ನಾನದನ್ನು ಮುಟ್ಟಿರಲೇ ಇಲ್ಲ. ಕೊನೆಗೆ ಮಾರಿದವನೇ ಒತ್ತಿ ತೋರಿಸಿದ. "ಫಾಗ್ ಲೈಟ್ರಿ ಸರ. ಎಲ್ಲಾ ಗಾಡಿಗೂ ಬರೂದಿಲ್ರಿ ಇವು!" ಆಮೇಲೆ ನೋಡಿದರೆ ಗೋಕಾಕದ ಪೇಟೆಯಲ್ಲಿ ತಿಳಿಯಾದ ಸಂಜೆಯಲ್ಲೂ ಅರ್ಧ ಕಾರುಗಳು ಆ ಮಂಜಿನ ದೀಪ ಹೊತ್ತಿಸಿಕೊಂಡೇ ತಿರುಗುತ್ತವೆ. ತಪ್ಪೇನು ಬಂತು? ಹೊಸ ಸರದ ಮೇಲೆ ಸೆರಗು ಹೊದ್ದು ಕೂತವರನ್ನು ನೀವು ಯಾವ ಮದುವೆಯಲ್ಲಿ ಕಂಡಿದ್ದೀರಿ?

ಆ ಗುಂಡಿ ಕಂಡಾಗಲೆಲ್ಲ ನನಗೆ ಪಾಯಪ್ಪ ಕಾಕಾ ನೆನಪಾಗುತ್ತಾನೆ. ನಮ್ಮಪ್ಪನ ತಮ್ಮ. ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ. ತೊಂಬತ್ತರ ದಶಕದಲ್ಲಿ ಅವನ ಹತ್ತಿರ ಒಂದು ಹಳೆಯ ಜೀಪು ಇತ್ತು. ಜೀಪಿಗಿಂತ ಹೆಚ್ಚಾಗಿ ಊರಿಗೆ ಗೊತ್ತಿದ್ದದ್ದು ಅದರ ದೀಪಗಳು. ಗೋಕಾಕದಿಂದ ತಂದ ಎರಡು ದೊಡ್ಡ ಹಳದಿ ದೀಪಗಳನ್ನು ಅವನು ಟಾರ್ಪಾಲಿನ ಹುಡ್ಡಿನ ಮೇಲೆ ಕಬ್ಬಿಣದ ಪಟ್ಟಿ ಹಾಕಿಸಿ, ನೆತ್ತಿಯ ಮೇಲೆ ಕೂರಿಸಿದ್ದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಸುಮ್ಮನಿರುತ್ತೇನೆಯೇ? ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು, ಮೇಲಿನಿಂದ ಬಿಟ್ಟ ಬೆಳಕು ಅವಕ್ಕೆ ಬಡಿದು ನಮ್ಮ ಕಣ್ಣಿಗೇ ತಿರುಗಿ ಬರುತ್ತದೆ, ಮಂಜಿನ ದೀಪ ನೆಲದ ಹತ್ತಿರವೇ ಇರಬೇಕು ಎಂದು ಉಪನ್ಯಾಸ ಮಾಡಿದೆ. ಕಾಕಾ ಪೂರ್ತಿ ಕೇಳಿ, "ದೀಪಾ ಯಾರಾರ ಕಾಲ ಬುಡಕ ಇಡತಾರೇನೋ ತಮ್ಮಾ?" ಎಂದ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ನೆನಪಿಗೆ ಬಂತು, ಆದರೆ ಹಿರಿಯರ ಮುಂದೆ ನುಂಗಿಕೊಂಡೆ.

ಊರವರಿಗೆ ಇನ್ನೊಂದು ತಮಾಷೆಯಿತ್ತು. ಇಷ್ಟು ದೀಪ ಹೊತ್ತ ಜೀಪು ಕತ್ತಲಲ್ಲಿ ಹೊರಗೆ ಬರುತ್ತಲೇ ಇರಲಿಲ್ಲ. ನಾವು ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಕಾಕಾ ಎಲ್ಲಿಗೇ ಹೋಗಿರಲಿ, ಯಾರದೇ ಮಾತು ಅರ್ಧಕ್ಕೇ ನಿಲ್ಲಲಿ, ಇಳಿಹೊತ್ತಾದರೆ ಸಾಕು, "ಊಟದ ಹೊತ್ತಾತ್ರಿ" ಎಂದು ಎದ್ದುಬಿಡುತ್ತಿದ್ದ. ಅವನ ವ್ರತನಿಷ್ಠೆಯನ್ನು ಬಸದಿಯಲ್ಲಿ ಉದಾಹರಣೆ ಕೊಟ್ಟು ಹೊಗಳುತ್ತಿದ್ದರು.

ಕಾಕಾನ ಪಕ್ಕದ ಸೀಟು ತಾರಾ ಕಾಕೂನದು. ಅವಳಿಲ್ಲದೆ ಜೀಪು ಹೊರಡುತ್ತಿರಲಿಲ್ಲ. ಕೂತವಳು ಸುಮ್ಮನಿರುವ ಪೈಕಿಯಲ್ಲ. "ಎಮ್ಮಿ ಬಂತ್ರಿ. ಎಡಕ್ಕ ಕಬ್ಬಿನ ಟ್ರಾಲಿ ನಿಂತೈತಿ. ಮುಂದ ಹೊಂಡ ಐತ್ರಿ, ಸಾವಕಾಶ." ಹಿಂದೆ ಕೂತ ನಮಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಕಾಕಾ ಮಾತ್ರ ಒಮ್ಮೆಯೂ ಸಿಡುಕಿದವನಲ್ಲ. ಎಂಥ ಸಹನೆಯಪ್ಪಾ ಈ ಮನುಷ್ಯನದು ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಜೀಪಿಗೆ ಹದಿನೈದು ವರ್ಷ ತುಂಬಿತು. ಅಂದರೆ ಆರ್‌ಟಿಓ ಸಾಹೇಬರು ತಪಾಸಣೆ ಮಾಡಿ ಮತ್ತೆ ಪಾಸಿಂಗ್ ಆಗಬೇಕು. ನಮ್ಮ ಕಡೆ ಪಾಸಿಂಗ್ ಎಂದರೆ ಗಾಡಿಗೆ ಕನ್ಯಾ ನೋಡುವ ಕಾರ್ಯಕ್ರಮ. ಪಕ್ಕದ ಮನೆಯ ಪಾಟಲಿ ತಂದು ಹುಡುಗಿಯ ಕೈಗೆ ತೊಡಿಸುವಂತೆ, ಇವರ ಟೈರು, ಅವರ ಹಾರ್ನು, ಇನ್ನೊಬ್ಬರ ಕನ್ನಡಿ ತಂದು ಗಾಡಿಯನ್ನು ಸಿಂಗರಿಸುತ್ತಾರೆ. ಸಾಹೇಬರು ನೋಡಿ ಒಪ್ಪಿದರೆಂದರೆ ಸಂಜೆಗೆಲ್ಲ ಒಡವೆಗಳು ತಂತಮ್ಮ ಮನೆಗೆ. ಕಾಕಾ ಸ್ವಾಭಿಮಾನಿ. ಯಾರ ಟೈರೂ ಬೇಡವೆಂದ. ಆ ಸಲದ ಕ್ಯಾಂಪು ಹುಕ್ಕೇರಿಯಲ್ಲಿತ್ತು. ಚಳಿಗಾಲದ ಬೆಳಗು, ಕಾಕಾ, ಕಾಕೂ, ಹಿಂದೆ ನಾನು.

ಘಟಪ್ರಭಾ ದಾಟುವುದರೊಳಗೆ ಮಂಜು ಇಳಿಯಿತು. ಇಳಿಯಿತು ಎಂದರೆ ಸುಳ್ಳು, ಅದು ಹೊಳೆಯಿಂದ ಎದ್ದು ಬಂತು. ಧುಪದಾಳದ ಹತ್ತಿರ ಆಕಾಶ, ನೀರು, ರಸ್ತೆ ಎಲ್ಲ ಒಂದೇ ಬಿಳಿಯಾಗಿ ಜಗತ್ತೇ ಇಲ್ಲವಾಯಿತು. ಅಣೆಕಟ್ಟಿನ ಮೇಲೆ ನೀರು ಧುಮುಕುವ ಸದ್ದೊಂದೇ ಉಳಿದಿತ್ತು. ಲಾರಿಗಳು ಬದಿಗೆ ನಿಂತುಬಿಟ್ಟಿದ್ದವು. ಹೆದರಿಕೆಯೇನೋ ಇತ್ತು, ಜೊತೆಗೆ ಅಷ್ಟು ಚೆಂದದ ಬಿಳುಪನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕಾಕಾ ಮಾತ್ರ ಜೀಪನ್ನು ಎತ್ತಿನ ನಡಿಗೆಯಲ್ಲಿ ನಡೆಸುತ್ತಲೇ ಇದ್ದ. "ಬೆಲ್ಲದ ವಾಸನಿ ಬಂತ. ಗಾಣ ದಾಟಿದ್ವಿ. ಈಗ ಬಲಕ್ಕ ತಿರುವ" ಎನ್ನುತ್ತಿದ್ದ, ತಿರುವು ಬರುತ್ತಿತ್ತು. ಕಾಕೂ ಹೊರಗೆ ತಲೆ ಹಾಕಿ ತನ್ನ ಪಾರಾಯಣ ನಡೆಸಿದ್ದಳು. ಒಮ್ಮೆ, "ಕುರಿ ಬಂದ್ವ್ರಿ!" ಎಂದಳು. ಜೀಪು ನಿಂತಿತು. ಮಂಜಿನೊಳಗಿಂದ ಮಂಜೇ ತುಂಡುತುಂಡಾಗಿ ನಡೆದು ಬಂದಂತೆ ನೂರಾರು ಕುರಿಗಳು ನಮ್ಮ ಎರಡೂ ಬದಿಗೆ ಹರಿದು ಹೋದವು. ಹಿಂದೆ ಕಂಬಳಿ ಹೊದ್ದ ಕುರುಬ, "ಪುಣ್ಯಾತ್ಮರ್ರಿ ನೀವು, ಚಲೋ ನಿಂದ್ರಿಸಿದ್ರಿ" ಎಂದು ಕೈಯೆತ್ತಿದ. ಕಾಕಾನ ಮೇಲೆ ನನಗೆ ದೇವರಂಥ ಭಕ್ತಿ ಹುಟ್ಟಿಬಿಟ್ಟಿತು.

ಹುಕ್ಕೇರಿಯ ಬಯಲಿಗೆ ಹೋಗುವಾಗ ಬಿಸಿಲು ಬಿದ್ದಿತ್ತು. ಸಾಹೇಬರು ಬ್ರೇಕು ನೋಡಿದರು, ಹಾರ್ನು ಒತ್ತಿದರು, ಟೈರು ಮುಟ್ಟಿದರು. ನೆತ್ತಿಯ ದೀಪ ನೋಡಿ ನಕ್ಕರು. "ಇವನ್ನ ಕೆಳಗ ಬಂಪರಿಗೆ ಇಳಸ್ರಿ ಯಜಮಾನ್ರ. ಇಲ್ಲಾಂದ್ರ ಮುಂದ ಬರವರ ಕಣ್ಣ ಹೊಡೀತಾವು." ಆಮೇಲೆ ತಾವೇ ಜೀಪು ಹತ್ತಿ ಕೂತು, "ಮುಂದ ನಿಂತ ಹೇಳ್ರಿ. ಎರಡೂ ಹತ್ಯಾವೇನ?" ಎಂದರು.

ಕಾಕಾ ಮುಂದೆ ಹೋಗಿ ನಿಂತ. ಎಡಗಡೆಯ ದೀಪ ಹತ್ತಿರಲಿಲ್ಲ.

"ಎರಡೂ ಚಲೋ ಉರ್ಯಾಕತ್ತಾವ್ರಿ ಸಾಹೇಬ್ರ."

ನಾನು ತಮಾಷೆಯೆಂದುಕೊಂಡೆ. ಸಾಹೇಬರು ಸ್ವಿಚ್ಚು ಆರಿಸಿ, "ಈಗ?" ಎಂದರು. ಕಾಕಾ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. ಕಾಕೂ ಸೀಟಿನಲ್ಲಿ ಕೂತೇ ಕೆಮ್ಮಿದಳು. ಆ ಕೆಮ್ಮು ಕೇಳಿ ಕಾಕಾ, "ಆರಿದ್ವ್ರಿ" ಎಂದ.

ಇಳಿಹೊತ್ತಿನ ಊಟ, ನೆತ್ತಿಯ ದೀಪ, ಕಾಕೂನ ಬಿಡುವಿಲ್ಲದ ಮಾತು ಎಲ್ಲ ಒಂದೇ ಸಲ ಅರ್ಥವಾದವು. ಮೋತಿಬಿಂದು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಮಗೆ ಆ ಬೆಳಗು ಮಾತ್ರ ಮಂಜು, ಅವನಿಗೆ ದಿನವೂ ಮಂಜು.

ಸಾಹೇಬರು ಕೆಳಗಿಳಿದು, ದನಿ ತಗ್ಗಿಸಿ ಹೇಳಿದರು. "ದೀಪಾ ಇಳಿಸಿದ್ರ ಗಾಡಿ ಪಾಸ್ ಆಗತೈತಿ. ಮದಲ ಕಣ್ಣಿಂದು ಪಾಸಿಂಗ್ ಮಾಡಸ್ರಿ. ಇವತ್ತ ಸ್ಟಿಯರಿಂಗ್ ಮುಟ್ಟಬ್ಯಾಡ್ರಿ."

ಹಿಂದಿರುಗುವಾಗ ನಾನು ಜೀಪು ಹೊಡೆದೆ. ಹಿಂದಿನ ಸೀಟಿನಿಂದ ಕಾಕಾ ಒಂದೇ ಮಾತು ಆಡಿದ. "ಹೇಳಿದ್ರ ಕೀಲಿ ಕಸಗೊಂತಿದ್ರಿ. ಕಣ್ಣಾಗ ಚಾಕು ಹಾಕ್ತಾರಂದ್ರ ನನಗ ಜೀವಾ ಹೋಗತೈತೋ ತಮ್ಮಾ." ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಬ್ಬ ಹೆಂಗಸು ಅಷ್ಟು ದಿನ ತನ್ನ ಎರಡು ಕಣ್ಣನ್ನು ಮಾತು ಮಾಡಿ ಗಂಡನ ಕಿವಿಗೆ ಹಾಕುತ್ತ ಬಂದಿದ್ದಳಲ್ಲ! ಅದು ಅವಿವೇಕವೇ, ಯಾರದಾದರೂ ಜೀವ ಹೋಗುತ್ತಿತ್ತು. ಆದರೂ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಗೋಕಾಕದಲ್ಲಿ ಆಪರೇಷನ್ ಆಯಿತು. ಒಂದು ಕಣ್ಣು, ಆಮೇಲೆ ಇನ್ನೊಂದು. ದೀಪಗಳು ಬಂಪರಿಗೆ ಇಳಿದವು, ಗಾಡಿ ಪಾಸಾಯಿತು. ಡಾಕ್ಟರು ಒಪ್ಪಿದ ಮೇಲೆ ಕಾಕಾನ ಕೈಗೆ ಕೀಲಿ ಬಂತು. ಮುಂದಿನ ಚಳಿಗಾಲ ಅದೇ ದಾರಿ, ಅದೇ ಮೂವರು, ಧುಪದಾಳದಲ್ಲಿ ಅದೇ ಮಂಜು. ಕಾಕಾ ಹಳದಿ ದೀಪ ಹಾಕಿದ. ನೆಲದಗುಂಟ ನಾಲ್ಕು ಮಾರು ರಸ್ತೆ ಕಂಡಿತು, ಅಷ್ಟೇ. ಅವನು ಜೀಪನ್ನು ಬದಿಗೆ ಹಾಕಿ ನಿಲ್ಲಿಸಿಬಿಟ್ಟ.

"ಅಬಬಬಾ! ಮಂಜ ಅಂದ್ರ ಇಷ್ಟ ಇರತೈತಿ? ಇದರಾಗ ಹ್ಯಾಂಗ ಹೊಡೀತಿದ್ನೋ ನಾ!" ಕನ್ನಡಕದ ಹಿಂದೆ ಅವನ ಕಣ್ಣು ಅರಳಿದ್ದವು. ಕಾಕೂ ಮಡಿಲಲ್ಲಿ ಕೈಯಿಟ್ಟು ಸುಮ್ಮನೆ ಕೂತಿದ್ದಳು. ಆಪರೇಷನ್ ಆದಾಗಿನಿಂದ ಜೀಪಿನಲ್ಲಿ ಅವಳದು ಮೌನ.

"ಯಾಕ ಬಾಯಿ ಮುಚಗೊಂಡ ಕುಂತಿ? ಮಾತಾಡು."

"ಈಗ ನಿಮಗ ಕಾಣತೈತೆಲ್ರಿ."

"ಕಾಣತೈತಿ. ಅದಕ್ಕ ಅಂಜಿಕಿ ಬರಾಕತ್ತೈತಿ. ಮಾತಾಡು."

ಕಾಕೂ ಸೆರಗು ಸರಿಮಾಡಿಕೊಂಡು ಹೊರಗೆ ತಲೆ ಹಾಕಿದಳು. "ಎಡಕ್ಕ ಟ್ರಾಲಿ ನಿಂತೈತ್ರಿ. ಸಾವಕಾಶ." ಜೀಪು ಹೊರಟಿತು.

ನನ್ನ ಕಾರಿನ ಆ ಗುಂಡಿಯನ್ನು ನಾನು ಮಂಜು ಬಿದ್ದ ದಿನ ಮಾತ್ರ ಒತ್ತುತ್ತೇನೆ. ಒತ್ತಿದ ಕೂಡಲೇ ಪಕ್ಕದಲ್ಲಿರುವ ನನ್ನ ಹೆಂಡತಿ, "ಮುಂದ ಸೈಕಲ್ ಐತ್ರಿ" ಎನ್ನುತ್ತಾಳೆ. ಸೈಕಲ್ಲು ನನಗೂ ಕಂಡಿರುತ್ತದೆ. ಆದರೂ "ಹೂಂ" ಎನ್ನುತ್ತೇನೆ.