ಇಲ್ಲದ ಎಮ್ಮೆಯ ಹಗ್ಗ

ಲಿಂಗಸುಗೂರಿಗೂ ಮಸ್ಕಿಗೂ ನಡುವೆ ಟಪಾಲು ಚೀಲ ಹೊತ್ತು ನಡೆಯುತ್ತಿದ್ದ ತಾಯಪ್ಪನ ಹೆಗಲು ಒಂದು ದಿನ ಖಾಲಿಯಾಯಿತು. ನಿಜಾಮ ಸರ್ಕಾರ ಆ ದಾರಿಗೆ ಮೋಟಾರು ಬಿಟ್ಟಿತು. ಚೀಲ ಮೋಟಾರು ಹತ್ತಿತು. ತಾಯಪ್ಪನನ್ನು ಮಸ್ಕಿಯ ಟಪಾಲು ಕಚೇರಿಯ ಬಾಗಿಲಲ್ಲಿ ಜವಾನನಾಗಿ ಕೂರಿಸಿದರು. ಪಗಾರ ಅದೇ, ತಲೆಯ ಮೇಲೆ ನೆರಳು ಬೇರೆ. ನಸೀಬು ಅಂದರೆ ನಿನ್ನದು ಎಂದು ಕಚೇರಿಯ ಮುನ್ಷಿ ದಸ್ತಗೀರ್‌ಸಾಬ್ ಬೆನ್ನು ತಟ್ಟಿದರು.

ಆ ನೆರಳಿನಲ್ಲಿ ತಾಯಪ್ಪ ಒಳಗೊಳಗೇ ಕೆಟ್ಟ. ನಿದ್ದೆ ಹತ್ತದು, ಊಟ ಸೇರದು. ಒಂದು ಸಂಜೆ ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ರೊಟ್ಟಿಯ ತಾಟನ್ನೇ ಒದ್ದ. ಹೆಂಡತಿ ಹುಸೇನಮ್ಮ ನೆಲದ ಮೇಲಿನ ರೊಟ್ಟಿ ಆರಿಸಿ, ಕಣ್ಣಿಗೊತ್ತಿಕೊಂಡು, ತಾನೇ ತಿಂದಳು. ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮರುದಿನ ಶುಕ್ರವಾರ, ಕಚೇರಿಗೆ ರಜೆ. ಅವಳೆದುರು ಕೂರಲಾರದೆ ಹೊರಬಿದ್ದವನ ಕಾಲು ತಾನಾಗಿ ಹಳೆಯ ದಾರಿ ಹಿಡಿಯಿತು. ಎರೆಹೊಲದಲ್ಲಿ ಜೋಳ ಹಾಲುತೆನೆ ಕಟ್ಟಿತ್ತು. ಬಾರಿಹಣ್ಣಿನ ಗಿಡದ ಬುಡದಿಂದ ಗೌಜಲಹಕ್ಕಿ ಬುರ್ರೆಂದು ಎದ್ದಿತು. ಹಳ್ಳದ ಮರಳಲ್ಲಿ ಒರತೆ ತೋಡಿ ನೀರು ಕುಡಿದ. ಗುಡ್ಡದ ಬಂಡೆಗಳು ಬೆಚ್ಚಗಾಗುವ ಹೊತ್ತಿಗೆ ಎದೆಯ ಬಿಗಿ ಸಡಿಲಿತು. ಎಷ್ಟೋ ತಿಂಗಳ ಮೇಲೆ ನಿಜವಾಗಿ ಹಸಿವಾಯಿತು.

ಅಷ್ಟರಲ್ಲಿ ಕುರಿ ಕಾಯುವ ಲಾಲಪ್ಪ ಎದುರಾದ. "ಚೀಲ ಇಲ್ದ ಎಲ್ಲಿಗೆ ಹೊಂಟೀಯೋ ಮಾವ?"

ದುಡಿಯುವ ಗಂಡಸು ಸುಮ್ಮನೆ ಅಡ್ಡಾಡಲು ಬಂದೆ ಎನ್ನುವುದುಂಟೆ? ಎಮ್ಮೆಯೊಂದನ್ನು ನೋಡಲು ಹೊರಟಿದ್ದೇನೆ ಎಂದುಬಿಟ್ಟ.

ಆಮೇಲೆ ಪ್ರತಿ ಶುಕ್ರವಾರವೂ ಅದೇ ದಾರಿ, ಅದೇ ಎಮ್ಮೆ. ಓಣಿಯವರು ಅದರ ಕೋಡು ಎಷ್ಟುದ್ದ, ಬಾಲ ಐತೋ ಇಲ್ಲೋ ಎಂದು ಕಾಡತೊಡಗಿದರು. ಸುದ್ದಿ ಹುಸೇನಮ್ಮನಿಗೂ ಮುಟ್ಟಿತು. ಅವಳು ಹಿತ್ತಲ ಮೂಲೆ ಸಾರಿಸಿ ಗೂಟ ನೆಟ್ಟಳು; ಪುಂಡಿನಾರು ನೆನೆಹಾಕಿ, ಮನೆಯ ಮುಂದೆಯೇ ಹಗ್ಗ ಹೊಸೆಯಲು ಕೂತಳು. ಅವಳ ಅಂಗೈ ಕೆಂಪಾಗಿದ್ದುದನ್ನು ಕಂಡು ತಾಯಪ್ಪ ಅವಳೆದುರು ಕೂತ.

"ಎಮ್ಮಿ ಇಲ್ಲ, ಹುಸೇನಿ. ಸುಮ್ನ ನಡಿಯಾಕ ಹೋಗ್ತೀನಿ."

ಹೊಸೆಯುವ ಕೈ ನಿಂತಿತು.

"ಶುಕ್ರಾರ ಹೊಳ್ಳಿ ಬಂದಾಗ ನೀ ಮನಷ್ಯಾನಂಗ ಇರ್ತಿದ್ದಿ," ಎಂದಳು ಅವಳು. "ಎಮ್ಮಿ ಬರತೈತಂತ ಖುಷಿ ಅಂತ ತಿಳ್ಕಂಡಿದ್ದೆ."

ತಾಯಪ್ಪ ತಲೆ ಎತ್ತಲಿಲ್ಲ. ತಾಟು ಒದ್ದದ್ದು ಮನೆಯೊಳಗಿನ ಮಾತು; ಈ ಹಗ್ಗವನ್ನು ಇಡೀ ಓಣಿ ನೋಡಿತ್ತು.

ಮುಂದಿನ ಶುಕ್ರವಾರ ಅವನು ಹಾಸಿಗೆ ಬಿಟ್ಟೇಳಲಿಲ್ಲ. ಹುಸೇನಮ್ಮ ಹೊಸೆದು ಮುಗಿಸಿದ ಹಗ್ಗವನ್ನು ತಂದು ಅವನ ಹೆಗಲ ಮೇಲೆ ಹಾಕಿದಳು.

"ಏಳು, ಹೋಗು. ಯಾರರ ಕೇಳಿದ್ರ ಎಮ್ಮಿ ಕಿತ್ಕಂಡು ಓಡೈತಿ, ಹುಡುಕಾಕತ್ತೀನಿ ಅನ್ನು. ತಾಟು ಒದಿಯೋನ ಕೂಡ ಬಾಳೇ ಮಾಡೋದಕಿಂತ ಇಲ್ಲದ ಎಮ್ಮಿ ಸಾಕೋದು ಹಗುರ."

ಬಾವಿಕಟ್ಟೆಯ ಹತ್ತಿರ ಲಾಲಪ್ಪನೂ ನಾಲ್ಕು ಮಂದಿಯೂ ನಿಂತಿದ್ದರು. ಹಗ್ಗ ನೋಡಿ, ಅಂತೂ ಎಮ್ಮೆ ಬಂತಲ್ಲ ಎಂದರು. ಹೆಂಡತಿ ಹೇಳಿಕೊಟ್ಟ ಸುಳ್ಳು ನಾಲಿಗೆಯ ತುದಿಗೆ ಬಂತು. ಅವಳ ಕೆಂಪು ಅಂಗೈಯೂ ಕಣ್ಣ ಮುಂದೆ ಬಂತು.

"ಎಮ್ಮಿ ಇಲ್ಲೋ ಲಾಲಪ್ಪ. ಸುಮ್ನ ಅಡ್ಡಾಡಾಕ ಹೊಂಟೀನಿ."

ಬೆನ್ನ ಹಿಂದೆ ನಗು ಎದ್ದಿತು. ಹಳ್ಳದವರೆಗೂ ಅವನ ಕಿವಿ ಸುಡುತ್ತಿತ್ತು. ಹಳ್ಳ ದಾಟಿದ ಮೇಲೆ ಬಾರಿಗಿಡದ ಬುಡದಿಂದ ಗೌಜಲಹಕ್ಕಿ ಎದ್ದಿತು. ಎಂದೋ ಚೀಲವಿದ್ದ ಜಾಗದಲ್ಲಿ ಹಗ್ಗ ಭಾರವಾಗಿ ಕೂತಿತ್ತು. ಅವನು ಅದನ್ನು ಕೆಳಗಿಳಿಸಲಿಲ್ಲ.